ಬೇಸಿಗೆ ಬಂದರೆ ಕೈಕೊಡುವ ಹಳೆಯ ಡೀಸೆಲ್ ಕಾರು: ರಿಪೇರಿ ಮಾಡಿಸುವುದೋ, ಮಾರಿಬಿಡುವುದೋ?

ಎಡದಂಡೆ ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಡೀಸೆಲ್ ಕಾರು. ಅದಕ್ಕೀಗ ಹತ್ತು ವರ್ಷ ದಾಟಿದೆ. ತಾಯಿಯವರನ್ನು ನಿಯಮಿತವಾಗಿ ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುವುದರಿಂದ, ಮಾನ್ವಿಯ ಮೇಲೆ ಹಾದುಹೋಗುವ ಸುಮಾರು 90 ಕಿಲೋಮೀಟರ್ ದಾರಿಯೇ ಈ ಗಾಡಿಯ ಮುಖ್ಯ ಕೆಲಸ. ಚಳಿಗಾಲದಲ್ಲಿ ಒಂದು ಮಾತೂ ಆಡದ ಗಾಡಿ, ಮಾರ್ಚ್ ಕಳೆಯುತ್ತಿದ್ದಂತೆ ಹೀಟ್ ಆಗಲು ಶುರುಮಾಡುತ್ತದೆ. ಊರೊಳಗೆ ನಿಧಾನವಾಗಿ ಓಡಿಸಿದರೆ ಇಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ನಡುವೆಯೇ ನಿಲ್ಲುತ್ತದೆ. ಊರಾಚೆ ಏಸಿ ಹಾಕಿಕೊಂಡು, ನಾಲ್ಕು ಜನ ಕುಳಿತು, ಎಂಬತ್ತರ ವೇಗದಲ್ಲಿ ಹೋದರೆ ಮಾನ್ವಿ ದಾಟುವಷ್ಟರಲ್ಲಿ ಕೆಂಪು ಗೆರೆ ಮುಟ್ಟುತ್ತದೆ. ಆಮೇಲೆ ಬೇವಿನ ಮರವೋ ಜಾಲಿಯ ಮರವೋ ಸಿಕ್ಕಲ್ಲಿ ನಿಲ್ಲಿಸಿ, ತಾಯಿಯವರಿಗೆ ಗಾಳಿ ಬೀಸುತ್ತ ಕೂರಬೇಕು.

ಗ್ಯಾರೇಜಿನವರು ಮೊದಲು ಫ್ಯಾನ್ ಮೋಟರ್ ಬದಲಿಸಿದರು, ಅನಂತರ ವಾಟರ್ ಪಂಪ್ ಬದಲಿಸಿದರು, ಕೊನೆಗೆ ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಈ ಬಿಸಿಲಿಗೆ ಬೇಕಿಲ್ಲ ಎಂದು ಅದನ್ನೇ ಕಿತ್ತುಹಾಕಿದರು. ರೋಗ ಮಾತ್ರ ಹಾಗೆಯೇ ಇದೆ. ಕೆಳಗೆ ಒಂದು ಹನಿ ಸೋರಿದ ಗುರುತು ಕಾಣುವುದಿಲ್ಲ, ಆದರೂ ರೇಡಿಯೇಟರಿನ ನೀರು ಕಡಿಮೆಯಾಗುತ್ತದೆ. ಈಗ ಹೆಡ್, ಅಂದರೆ ಸಿಲಿಂಡರುಗಳನ್ನು ಮುಚ್ಚುವ ಇಂಜಿನ್ನಿನ ಮೇಲ್ಭಾಗ, ಬಿಚ್ಚಬೇಕು ಎನ್ನುತ್ತಿದ್ದಾರೆ. ಹೆಡ್ ಬಿಚ್ಚಿಸುವ ಮೊದಲು ಮಾಡಿಸಬಹುದಾದ ಪರೀಕ್ಷೆಗಳೇನಾದರೂ ಇವೆಯೇ? ದುರಸ್ತಿಯಾದರೂ ಇಂಥ ಗಾಡಿಯನ್ನು ನಂಬಿ ಕಾಯಿಲೆಯವರನ್ನು ಕರೆದೊಯ್ಯಬಹುದೇ? ತಿಳಿದವರು ದಯವಿಟ್ಟು ಹೇಳಿ.

ಕೌಲ್ ಬಜಾರ್

ಮಾರಿಬಿಡಿ ಅಣ್ಣ. ಒಂದು ಸಲ ಹೀಟ್ ಆಗಲು ಶುರುವಾದ ಡೀಸೆಲ್ ಇಂಜಿನ್ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಪಾನಾ ಹಿಡಿದವನು, ಬಳ್ಳಾರಿ

ಕೌಲ್ ಬಜಾರ್ ತಮ್ಮನ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟದ್ದು ಯಾವುದು ಎಂದು ಗೊತ್ತಾಗದೆ ಗಾಡಿ ಮಾರುವುದೂ ಒಂದೇ, ಕೆಟ್ಟದ್ದು ಯಾವುದು ಎಂದು ಗೊತ್ತಾಗದೆ ಸಾಮಾನು ಬದಲಿಸುವುದೂ ಒಂದೇ. ಎರಡರಲ್ಲೂ ಹೋಗುವುದು ಮಾಲೀಕನ ಹಣ.

ಸಿಂಧನೂರಿನ ಅಣ್ಣನವರು ತಮ್ಮ ಬರಹದಲ್ಲೇ ಅರ್ಧ ಉತ್ತರ ಕೊಟ್ಟಿದ್ದಾರೆ. ಊರೊಳಗೆ, ಸಿಗ್ನಲ್‌ನಲ್ಲಿ, ಸಂತೆಯ ಗದ್ದಲದಲ್ಲಿ ಹೀಟ್ ಆಗಿ ರಸ್ತೆಯ ಮೇಲೆ ಗಾಳಿ ಬಡಿದಾಗ ತಣ್ಣಗಾಗುವ ಗಾಡಿಯಲ್ಲಿ ದೋಷ ಇರುವುದು ಫ್ಯಾನಿನಲ್ಲಿ, ಅದರ ರಿಲೇಯಲ್ಲಿ, ಫ್ಯೂಸಿನಲ್ಲಿ ಅಥವಾ ಸೆನ್ಸರಿನಲ್ಲಿ. ಇವರ ಗಾಡಿ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಿದೆ. ನಿಧಾನವಾಗಿ ಹೋದರೆ ಸರಿ, ವೇಗ ಮತ್ತು ಭಾರ ಹೆಚ್ಚಾದರೆ ಬಿಸಿ. ಎಂಬತ್ತರ ವೇಗದಲ್ಲಿ ಫ್ಯಾನ್ ತಿರುಗದಿದ್ದರೂ ಮುಂದಿನಿಂದ ಬೇಕಾದಷ್ಟು ಗಾಳಿ ಬರುತ್ತದೆ, ಆದ್ದರಿಂದ ಫ್ಯಾನ್ ಮೋಟರ್ ಬದಲಿಸಿದ್ದು ಈ ರೋಗಕ್ಕೆ ಮದ್ದೇ ಅಲ್ಲ. ಇಂಜಿನ್ ಹೆಚ್ಚು ಶಾಖ ಹೊರಹಾಕುವಾಗ ಅದನ್ನು ಹೊತ್ತೊಯ್ಯುವಷ್ಟು ನೀರು ಹರಿಯುತ್ತಿಲ್ಲ ಅಥವಾ ರೇಡಿಯೇಟರ್ ಅದನ್ನು ಗಾಳಿಗೆ ಬಿಡುತ್ತಿಲ್ಲ ಎಂದು ಅರ್ಥ. ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು. ಕೆಳಗಿನ ರಬ್ಬರ್ ಹೋಸ್ ಹಳೆಯದಾಗಿ ಮೆತ್ತಗಾಗಿದ್ದರೆ ಪಂಪ್ ಜೋರಾಗಿ ಎಳೆಯುವಾಗ ಅದು ಒಳಕ್ಕೆ ಚಪ್ಪಟೆಯಾಗುವುದೂ ಉಂಟು.

ಹೆಡ್ ಬಿಚ್ಚುವ ಮಾತು ಕೊನೆಗಿರಲಿ. ಮೊದಲು ಮೂರು ಪರೀಕ್ಷೆ ಮಾಡಿಸಿ. ಗಾಡಿ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರಿನ ಬಾಯಿಗೆ ಕೈಪಂಪ್ ಕಟ್ಟಿ ಒತ್ತಡ ಕೊಟ್ಟು, ಅದು ನಿಲ್ಲುತ್ತದೆಯೇ ಇಳಿಯುತ್ತದೆಯೇ ಎಂದು ನೋಡಬೇಕು. ಸಣ್ಣ ಸೋರಿಕೆಯ ನೀರು ಬಿಸಿ ಇಂಜಿನ್ ಮೇಲೆಯೇ ಆವಿಯಾಗಿ ಹೋಗುವುದರಿಂದ ನೆಲದ ಮೇಲೆ ಗುರುತು ಕಾಣದಿರುವುದು ದೊಡ್ಡ ವಿಷಯವಲ್ಲ. ಎರಡನೆಯದು, ರೇಡಿಯೇಟರಿನ ಮುಚ್ಚಳವನ್ನೇ ಬೇರೆಯಾಗಿ ಪರೀಕ್ಷಿಸಬೇಕು. ಮೂರನೆಯದು ಹೆಡ್ ಕೂರುವ ಜಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ಟಿನ ಪರೀಕ್ಷೆ. ನೀಲಿ ಬಣ್ಣದ ಒಂದು ದ್ರವವಿರುವ ಗಾಜಿನ ನಳಿಕೆಯನ್ನು ರೇಡಿಯೇಟರಿನ ಬಾಯಿಗಿಟ್ಟು ಇಂಜಿನ್ ಓಡಿಸುತ್ತಾರೆ. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಆ ದ್ರವ ನೀಲಿಯಿಂದ ಹಸಿರಿಗೆ ಅಥವಾ ಹಳದಿಗೆ ತಿರುಗುತ್ತದೆ. ಇದಕ್ಕೆ ಅರ್ಧ ಗಂಟೆ ಸಾಕು. ಇಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿಲ್ಲ, ಸೈಲೆನ್ಸರಿನಿಂದ ಬಿಡದೆ ಬಿಳಿ ಹೊಗೆ ಬರುತ್ತಿಲ್ಲ, ದ್ರವದ ಬಣ್ಣವೂ ಬದಲಾಗಿಲ್ಲ ಎಂದಾದರೆ ಹೆಡ್ಡಿಗೆ ಕೈಹಾಕಲು ಬಿಡಬೇಡಿ.

ಎರೆಹೊಲ ಮಾನ್ವಿ

ಅಣ್ಣನವರೇ, ಒಂದು ಮುಖ್ಯ ಪ್ರಶ್ನೆ. ದಾರಿಯಲ್ಲಿ ನಿಂತಾಗ ರೇಡಿಯೇಟರಿಗೆ ಎಲ್ಲಿಯ ನೀರು ಹಾಕುತ್ತೀರಿ?

ಎಡದಂಡೆ ಸಿಂಧನೂರು

ರಸ್ತೆ ಬದಿಯ ಹೋಟೆಲುಗಳಲ್ಲಿ, ಹೊಲಗಳಲ್ಲಿ ಸಿಗುವ ಬೋರ್‌ವೆಲ್ ನೀರು. ಗ್ಯಾರೇಜಿನವರು ಹಾಕುವುದೂ ಅದನ್ನೇ.

ಎರೆಹೊಲ ಮಾನ್ವಿ

ಹಾಗಾದರೆ ರೋಗದ ಬೇರು ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ನಮ್ಮ ಕಡೆಯ ಬೋರಿನ ನೀರು ಎಷ್ಟು ಸವಳು ಎಂಬುದು ಸ್ನಾನದ ನೀರು ಕಾಯಿಸುವ ಹಂಡೆಯ ತಳ ನೋಡಿದರೆ ತಿಳಿಯುತ್ತದೆ. ಅಲ್ಲಿ ಕಟ್ಟುವ ಬಿಳಿ ಹೆಪ್ಪೇ ರೇಡಿಯೇಟರಿನ ಕೊಳವೆಯೊಳಗೂ ಕಟ್ಟುತ್ತದೆ, ಮತ್ತು ಆ ಕೊಳವೆಗಳ ಒಳಗಿನ ಸಂದು ಒಂದೆರಡು ಮಿಲಿಮೀಟರ್ ಮಾತ್ರ. ನೀರು ಕಾದಷ್ಟೂ ಕ್ಯಾಲ್ಸಿಯಂ ಹೆಚ್ಚಾಗಿ ಕಳಚಿಕೊಂಡು ಗೋಡೆಗೆ ಅಂಟುತ್ತದೆ. ಗಾಡಿ ಹೀಟ್ ಆಯಿತೆಂದು ಮತ್ತೆ ಅದೇ ನೀರು ಸುರಿದರೆ ಇನ್ನೊಂದು ಪದರಕ್ಕೆ ಸಾಮಗ್ರಿ ಒದಗಿಸಿದಂತೆಯೇ ಆಯಿತು. ನಮ್ಮ ಭಾಗದಲ್ಲಿ 'ಆ ಕಂಪನಿಯ ಗಾಡಿ ಸರಿಯಿಲ್ಲ, ಈ ಕಂಪನಿಯ ಗಾಡಿ ಸರಿಯಿಲ್ಲ' ಎಂದು ಬೈಸಿಕೊಂಡ ಎಷ್ಟೋ ಕಾರುಗಳು ನಿಜವಾಗಿ ಕೆಟ್ಟದ್ದು ನೀರಿನಿಂದ.

ಭಾಗ್ಯನಗರ ಕೊಪ್ಪಳ

ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕ್ಯಾನ್ ತುಂಬಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಸಾಕಲ್ಲವೇ? ಇಂಜಿನ್ ತಂಪಿಡಲು ಮಾರುವ ಕೂಲೆಂಟ್ ದ್ರವಕ್ಕೆ ಹಣ ಯಾಕೆ?

ಪಾನಾ ಹಿಡಿದವನು, ಬಳ್ಳಾರಿ

ಘಟಕದ ನೀರು ಬೋರಿನ ನೀರಿಗಿಂತ ಎಷ್ಟೋ ಮೇಲು, ದಾರಿಯಲ್ಲಿ ಆಪತ್ತಿಗೆ ಅದನ್ನು ಹಾಕಿ. ಆದರೆ ಕೂಲೆಂಟಿನ ಜಾಗವನ್ನು ಯಾವ ಬರಿಯ ನೀರೂ ತುಂಬಲಾರದು. ಕೂಲೆಂಟಿನಲ್ಲಿ ತುಕ್ಕು ತಡೆಯುವ ಪದಾರ್ಥಗಳಿರುತ್ತವೆ. ಅವಿಲ್ಲದಿದ್ದರೆ ಹೆಡ್ಡಿನ ಅಲ್ಯೂಮಿನಿಯಂ ಒಳಗಿನಿಂದ ಸವೆಯುತ್ತದೆ. ಕೂಲೆಂಟ್ ಇದ್ದರೆ ಕುದಿಯುವ ಬಿಂದುವೂ ಏರುತ್ತದೆ. ಬರಿಯ ನೀರು 100 ಡಿಗ್ರಿಗೆ ಕುದಿಯುವ ಕಡೆ ಕೂಲೆಂಟಿನ ಮೂಲ ದ್ರವವಾದ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿದ ನೀರು 106–107 ಡಿಗ್ರಿಯವರೆಗೆ ತಡೆಯುತ್ತದೆ. ಇನ್ನೊಂದು ಮಾತು: ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಬಣ್ಣ ನೋಡಿ ಬೆರೆಸುವವರಿದ್ದಾರೆ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇನೂ ಇಲ್ಲ. ಗಾಡಿಯ ಪುಸ್ತಕದಲ್ಲಿ ಬರೆದಿರುವ ದರ್ಜೆಯನ್ನು ನೋಡಿ ತರಬೇಕು.

ಮೋಕಾ ರಸ್ತೆ

ಥರ್ಮೋಸ್ಟಾಟ್ ಬಗ್ಗೆ ಯಾರೂ ಮಾತನಾಡಲಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಅದನ್ನು ತೆಗೆಸುವುದೇ ಒಳ್ಳೆಯದು ಎಂದು ಅನುಭವಸ್ಥ ಮೇಸ್ತ್ರಿಗಳೆಲ್ಲ ಹೇಳುತ್ತಾರೆ. ಅದು ಇರುವುದು ಚಳಿದೇಶಗಳಿಗೆ. ಇಲ್ಲಿ ಬೆಳಗಿನ ಆರು ಗಂಟೆಗೇ ಮೂವತ್ತು ಡಿಗ್ರಿ ಇರುವಾಗ ಇಂಜಿನ್ ಬಿಸಿಮಾಡಲು ಒಂದು ಬಾಗಿಲು ಬೇಕೇ?

ಪಾಲಿಟೆಕ್ನಿಕ್ ಮೇಷ್ಟ್ರು, ರಾಯಚೂರು

ಮೋಕಾ ರಸ್ತೆಯವರೇ, ಈ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಆಳವಾಗಿ ಬೇರೂರಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ. ಥರ್ಮೋಸ್ಟಾಟ್ ಎಂಬುದು ನೀರಿನ ಉಷ್ಣತೆ ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ಆಸುಪಾಸಿಗೆ ಬಂದಾಗ ತೆರೆದುಕೊಳ್ಳುವ ಕವಾಟ. ಹೊರಗೆ ಮೂವತ್ತು ಡಿಗ್ರಿಯಿದ್ದರೂ ನಲವತ್ಮೂರಿದ್ದರೂ ಇಂಜಿನ್ ಬಯಸುವ ಉಷ್ಣತೆಗಿಂತ ಅದು ಬಹಳ ಕೆಳಗೇ ಇದೆ. ಕವಾಟ ತೆಗೆದರೆ ಇಂಜಿನ್ ಆ ಉಷ್ಣತೆಗೆ ಬರಲು ತಡವಾಗುತ್ತದೆ, ಆಯಿಲ್ ತೆಳುವಾಗುವುದು ತಡವಾಗುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ, ಸವೆತವೂ ಹೆಚ್ಚುತ್ತದೆ.

ಅದಕ್ಕಿಂತ ಮುಖ್ಯವಾದ ವಿಷಯ ಬೇರೆಯಿದೆ. ಅನೇಕ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಎರಡು ತಟ್ಟೆಗಳಿರುತ್ತವೆ. ಒಂದು ರೇಡಿಯೇಟರಿನ ದಾರಿಯನ್ನು ತೆರೆಯುವಾಗ ಇನ್ನೊಂದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ, ಕಾದ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಸುತ್ತಿ ಮತ್ತೆ ಇಂಜಿನ್ನಿಗೆ ಬರುತ್ತದೆ. ಅಂದರೆ ತಂಪಾಗಲಿ ಎಂದು ಮಾಡಿದ ಕೆಲಸದಿಂದಲೇ ಭಾರ ಹೆಚ್ಚಾದಾಗ ಗಾಡಿ ಬಿಸಿಯಾಗಬಹುದು. ಸಿಂಧನೂರಿನವರ ಗಾಡಿಯಲ್ಲಿ ಈಗ ಇದೂ ಸೇರಿಕೊಂಡಿರುವ ಸಾಧ್ಯತೆ ಇದೆ.

ಚಳಿಗಾಲದಲ್ಲಿ ಸುಮ್ಮನಿದ್ದು ಬೇಸಿಗೆಯಲ್ಲಿ ಕೆಡುವುದಕ್ಕೂ ಲೆಕ್ಕವಿದೆ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಗಾಳಿ 43 ಆದರೆ ಅಂತರ 52. ಅಂದರೆ ಅದೇ ರೇಡಿಯೇಟರಿನ ಶಕ್ತಿ ಸುಮಾರು ಕಾಲುಭಾಗ ಕುಗ್ಗಿತು. ಜೊತೆಗೆ ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕುಳಿತು ತನ್ನ ಶಾಖವನ್ನೂ ಅದೇ ಗಾಳಿಗೆ ಬಿಡುತ್ತಿರುತ್ತದೆ. ಆರೋಗ್ಯವಂತ ರೇಡಿಯೇಟರ್ ಇದನ್ನೆಲ್ಲ ತಾಳಿಕೊಳ್ಳುವಂತೆಯೇ ತಯಾರಾಗಿರುತ್ತದೆ. ಕೊಳವೆಗಳಲ್ಲಿ ಮೂರನೆಯ ಒಂದು ಭಾಗ ಕಟ್ಟಿಕೊಂಡಿದ್ದರೆ ಡಿಸೆಂಬರಿನಲ್ಲಿ ಗೊತ್ತಾಗುವುದಿಲ್ಲ, ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ.

ಮೋಕಾ ರಸ್ತೆ

ಮೇಷ್ಟ್ರೇ, ಬೈಪಾಸಿನ ವಿಷಯ ಎಲ್ಲ ಇಂಜಿನ್‌ಗಳಿಗೂ ಅನ್ವಯಿಸುವುದಿಲ್ಲವಲ್ಲ. ಹಳೆಯ ಜೀಪುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ತೆಗೆದು ವರ್ಷಾನುಗಟ್ಟಲೆ ಓಡಿಸಿದವರನ್ನು ನಾನು ಬಲ್ಲೆ.

ಪಾಲಿಟೆಕ್ನಿಕ್ ಮೇಷ್ಟ್ರು, ರಾಯಚೂರು

ಎಲ್ಲ ಇಂಜಿನ್‌ಗಳಿಗೂ ಎಂದು ನಾನೂ ಬರೆದಿಲ್ಲ. ಆದರೆ ಕಂಪ್ಯೂಟರ್ ಹತೋಟಿಯ ಡೀಸೆಲ್ ಇಂಜಿನ್ನನ್ನು ಟ್ರ್ಯಾಕ್ಟರಿನ ಜೊತೆ ಹೋಲಿಸುವುದು ಸರಿಯಲ್ಲ. ನೀರಿನ ಉಷ್ಣತೆ ನೋಡಿ ಎಷ್ಟು ಡೀಸೆಲ್ ಸಿಂಪಡಿಸಬೇಕೆಂದು ಅದು ನಿರ್ಧರಿಸುತ್ತದೆ. ಉಷ್ಣತೆ ಏರದೇ ಇದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಎಂದೇ ಅದು ತಿಳಿಯುತ್ತದೆ.

ಸಂಡೂರು ಕೆಂಪುಮಣ್ಣು

ರಾಯಚೂರಿನವರಿಗೆ ಸವಳು ನೀರಿನ ಕಾಟವಾದರೆ ನಮಗೆ ಅದಿರಿನ ಧೂಳಿನ ಕಾಟ. ಸಂಡೂರು–ತೋರಣಗಲ್ಲು ರಸ್ತೆಯಲ್ಲಿ ಲಾರಿಗಳ ಹಿಂದೆ ಓಡಾಡುವ ಗಾಡಿಯ ರೇಡಿಯೇಟರನ್ನು ಮುಂದಿನಿಂದ ನೋಡಿದರೆ ಸ್ವಚ್ಛವಾಗಿ ಕಾಣಬಹುದು, ಧೂಳು ಕೂತಿರುವುದು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ. ಅಲ್ಲಿ ಎಣ್ಣೆಯ ಜಿಡ್ಡು ಸೇರಿ ಮಣ್ಣಿನ ಹಾಳೆಯೇ ಕಟ್ಟಿಕೊಳ್ಳುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ನೇರವಾಗಿ ಹೊಡೆಸಬೇಡಿ, ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗೆ ಕಾಯದೆ ಬೇಗನೆ ಬದಲಿಸಬೇಕು, ಆ ಅವಧಿ ಧೂಳಿಲ್ಲದ ರಸ್ತೆಗಳಿಗೆ ಹೇಳಿದ್ದು.

ಕುಷ್ಟಗಿ ಕ್ರಾಸ್

ಹೀಟ್ ಆಗುವ ಗಾಡಿ ಮುಳ್ಳಿನ ಮೂಲಕವಾದರೂ ಎಚ್ಚರಿಕೆ ಕೊಡುತ್ತದೆ. ನನ್ನದು ಎಚ್ಚರಿಕೆಯನ್ನೇ ಕೊಡದೆ ನಿಂತಿತು. ಕುಷ್ಟಗಿ ದಾಟಿ ಇಳಕಲ್ಲಿನ ಕಡೆ ಹೋಗುವಾಗ ಯಾವ ಶಬ್ದವೂ ಇಲ್ಲದೆ ಇಂಜಿನ್ ಬಂದ್ ಆಯಿತು. ಪವರ್ ಸ್ಟೀರಿಂಗ್ ಕಲ್ಲಿನಂತಾಯಿತು, ಬ್ರೇಕ್ ಗಟ್ಟಿಯಾಯಿತು, ಹಿಂದೆ ಕಂಟೇನರ್ ಲಾರಿ. ದೇವರ ದಯದಿಂದ ಬದಿಗೆ ತಂದೆ. ಸೆಲ್ಫ್ ಹೊಡೆದರೆ ಯಾವಾಗಲೂ ಕೇಳುವ ಎಳೆತದ ಸದ್ದಿರಲಿಲ್ಲ, ಹಗುರವಾಗಿ ಗರಗರ ತಿರುಗುತ್ತಿತ್ತು. ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ಲಯದಲ್ಲಿ ನಡೆಸುವ ಟೈಮಿಂಗ್ ಬೆಲ್ಟ್ ಹರಿದಿತ್ತು. ವಾಲ್ವ್‌ಗಳು ತೆರೆದ ಸ್ಥಿತಿಯಲ್ಲಿರುವಾಗ ಪಿಸ್ಟನ್ ಬಂದು ಬಡಿದು ಎಲ್ಲವೂ ಬಾಗಿದ್ದವು.

ಮಾರಿದವರು ಬೆಲ್ಟ್ ಬದಲಿಸಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು, ಒಂದು ಬಿಲ್ಲೂ ಇರಲಿಲ್ಲ. ಹಳೆಯ ಗಾಡಿ ಕೊಳ್ಳುವವರು ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಬೆಲ್ಟನ್ನೂ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಕೂಡಲೇ ಬದಲಿಸಬೇಕು. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂಥ ಇಂಜಿನ್ ಆಗಿದ್ದರೆ ಅದನ್ನೂ ಜೊತೆಗೇ ಹಾಕಿಸಿ. ಯಾಕೆಂದರೆ ಬಿಚ್ಚುವ ಕೂಲಿ ಎರಡಕ್ಕೂ ಒಂದೇ.

ಕೌಲ್ ಬಜಾರ್

ಎಲ್ಲ ಗಾಡಿಗಳಿಗೂ ಬೆಲ್ಟ್ ಇರುವುದಿಲ್ಲ, ಚೈನ್ ಇರುವ ಇಂಜಿನ್‌ಗಳೂ ಇವೆ ಎಂಬುದನ್ನೂ ಸೇರಿಸಿ ಅಣ್ಣ.

ಲಿಂಗಸುಗೂರಕ್ಕ

ಎಲ್ಲರೂ ಇಂಜಿನ್ ಬಗ್ಗೆ ಬರೆಯುತ್ತಿದ್ದೀರಿ. ಗಾಡಿ ನಿಂತ ಮೇಲೆ ಮನುಷ್ಯರ ಗತಿಯೇನು ಎಂಬುದನ್ನೂ ಬರೆಯೋಣ. ನಾನು ಶಾಲಾ ಶಿಕ್ಷಕಿ, ಕಾರು ನಾನೇ ಓಡಿಸುತ್ತೇನೆ. ಮುಸ್ಸಂಜೆಯ ಹೊತ್ತಿನಲ್ಲಿ ಹಟ್ಟಿಯ ಈಚೆಗೆ ಡೈನಮೋ ಕೆಟ್ಟು ದೀಪಗಳು ಮಂಕಾಗುತ್ತಾ ಬಂದು ಗಾಡಿ ನಿಂತಾಗ, ಜೊತೆಗಿದ್ದವಳು ಚಿಕ್ಕ ಮಗಳು ಮಾತ್ರ. ಗಂಡಸರಿಗೆ ಅದು ತೊಂದರೆ, ನಮಗೆ ಅದು ಅಪಾಯ. ನಿಲ್ಲಿಸಿ ಸಹಾಯ ಮಾಡುತ್ತೇವೆ ಎನ್ನುವವರಲ್ಲಿ ಯಾರನ್ನು ನಂಬುವುದು, ಯಾರನ್ನು ಬಿಡುವುದು ಎಂದು ಅಲ್ಲಿಯೇ ನಿರ್ಧರಿಸಬೇಕಾಗುತ್ತದೆ.

ಆದ್ದರಿಂದ ಹೇಳುತ್ತೇನೆ. ಗಾಡಿ ನಿಂತ ಕೂಡಲೇ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಓದಿಕೊಂಡು ಮನೆಯವರಿಗೆ ತಿಳಿಸಿ, ಮೊಬೈಲಿನಲ್ಲಿ ಇರುವ ಜಾಗವನ್ನೂ ಕಳಿಸಿ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿಯ ಗಸ್ತು ವಾಹನವನ್ನೋ ಕ್ರೇನನ್ನೋ ಕಳಿಸುವ ವ್ಯವಸ್ಥೆಯಿದೆ. ಭಯವಾದರೆ 112. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು, ಬಂಪರಿಗೆ ಒರಗಿಸಿ ಇಟ್ಟರೆ ಪ್ರಯೋಜನವಿಲ್ಲ. ನಮ್ಮ ಕಡೆ ಟೊಂಗೆ ಕಡಿದು, ಕಲ್ಲಿಟ್ಟು ಗುರುತು ಮಾಡುವ ರೂಢಿಯಿದೆ. ಗಾಡಿ ಹೋದ ಮೇಲೆ ಆ ಕಲ್ಲುಗಳು ಅಲ್ಲೇ ಉಳಿದು ರಾತ್ರಿಯ ಬೈಕ್ ಸವಾರರನ್ನು ಬೀಳಿಸುತ್ತವೆ. ದಯವಿಟ್ಟು ತೆಗೆದುಹಾಕಿ ಹೊರಡಿ.

ಭಾಗ್ಯನಗರ ಕೊಪ್ಪಳ

ಅಕ್ಕಾವರೇ, ಕಲ್ಲಿನ ಮಾತು ಬಹಳ ಮುಖ್ಯವಾದದ್ದು. ಡೈನಮೋ ಕೆಡುವುದನ್ನು ಮೊದಲೇ ತಿಳಿಯಲು ದಾರಿಯಿದೆಯೇ?

ಪಾನಾ ಹಿಡಿದವನು, ಬಳ್ಳಾರಿ

ಇದೆ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.4 ಬರಬೇಕು. ಓಡುವಾಗಲೂ ಹನ್ನೆರಡೂವರೆ ದಾಟುತ್ತಿಲ್ಲವೆಂದರೆ ಡೈನಮೋ ಅಥವಾ ಅದರ ಬೆಲ್ಟ್ ನೋಡಿಸಿ. ಬ್ಯಾಟರಿ ಬದಲಿಸಿ ಕಳಿಸುವವರನ್ನು ನಂಬಬೇಡಿ. ನಮ್ಮ ಬಿಸಿಲಿಗೆ ಬ್ಯಾಟರಿಯ ಆಯಸ್ಸೂ ಕಡಿಮೆ ಎಂಬುದು ನಿಜ, ಆದರೆ ಪ್ರತಿ ಸಲವೂ ತಪ್ಪು ಬ್ಯಾಟರಿಯದೇ ಆಗಿರುವುದಿಲ್ಲ.

ಟ್ಯಾಕ್ಸಿ ಕಾಕಾ, ಬಳ್ಳಾರಿ

ನಾನು ಟ್ಯಾಕ್ಸಿ ಓಡಿಸಲು ಶುರುಮಾಡಿದ್ದು ಕಾರ್ಬುರೇಟರ್ ಗಾಡಿಗಳ ಕಾಲದಲ್ಲಿ. ಮೇ ತಿಂಗಳಲ್ಲಿ ಮಂತ್ರಾಲಯಕ್ಕೆ ಬಾಡಿಗೆ ಹೊರಟರೆ ನಡುದಾರಿಯಲ್ಲಿ ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನಲ್ಲೇ ಅದು ಆವಿಯಾಗಿ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಹೊರಡುತ್ತಿತ್ತು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸವೆದರೆ ಮರಳು ಕಾಗದದಿಂದ ಉಜ್ಜುತ್ತಿದ್ದೆವು. ಫ್ಯಾನ್ ಬೆಲ್ಟ್, ಪ್ಲಗ್ಗು, ಪಾನಾದ ಸೆಟ್ಟು, ಒಂದು ಕೊಡ ನೀರು ಇಲ್ಲದೆ ಯಾವ ಡ್ರೈವರನೂ ಊರು ಬಿಡುತ್ತಿರಲಿಲ್ಲ. ಆ ಗಾಡಿಗಳು ರಸ್ತೆಯಲ್ಲಿ ಕೆಟ್ಟು ರಸ್ತೆಯಲ್ಲೇ ರಿಪೇರಿಯಾಗುತ್ತಿದ್ದವು. ಇಂದಿನ ಗಾಡಿ ನಿಂತರೆ ಸ್ಕ್ಯಾನರ್ ಬರುವವರೆಗೆ ಏನಾಗಿದೆ ಎಂದೇ ಗೊತ್ತಾಗುವುದಿಲ್ಲ, ಟೋಚನ್ ಮಾಡಿಯೇ ಒಯ್ಯಬೇಕು. ಹಳೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮೋಕಾ ರಸ್ತೆ

ಕಾಕಾ, ನಿಮ್ಮ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ನೀವೇ ಪಟ್ಟಿ ಮಾಡಿದ ತೊಂದರೆಗಳನ್ನು ಇನ್ನೊಮ್ಮೆ ಓದಿ ನೋಡಿ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಅಗತ್ಯ ಇಂದಿನ ಗಾಡಿಗಳಿಗೆ ಇಲ್ಲವೇ ಇಲ್ಲ. ಪಂಪ್ ಟ್ಯಾಂಕಿನೊಳಗೇ ಮುಳುಗಿದ್ದು ಒತ್ತಡದಲ್ಲಿ ಪೆಟ್ರೋಲನ್ನು ತಳ್ಳುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಅಂಬಾಸಿಡರು ಫಿಯಟ್ಟುಗಳ ಮೇಲೆಯೇ ನಿಂತಿದ್ದ ದೇಶದಲ್ಲಿ ಬಾನೆಟ್ ಎತ್ತುವುದನ್ನು ಕಲಿಯದೆಯೇ ಕಾರು ಓಡಿಸಬಹುದು ಎಂಬುದನ್ನು ಸಾಮಾನ್ಯ ಕುಟುಂಬಗಳು ಮೊದಲು ಕಂಡವು. ರಿಪೇರಿ ಸುಲಭವೆಂಬುದು ಒಂದು ಗುಣ, ರಿಪೇರಿಯೇ ಬೇಡವೆಂಬುದು ಅದಕ್ಕಿಂತ ದೊಡ್ಡ ಗುಣ.

ಟ್ಯಾಕ್ಸಿ ಕಾಕಾ, ಬಳ್ಳಾರಿ

ಅದು ನಗರದವರ ಮಾತು ತಮ್ಮಾ. ರಿಪೇರಿ ಬೇಡದ ಗಾಡಿ ನಿಂತಾಗ ಸಿರುಗುಪ್ಪದ ಆಚೆಯ ಹಳ್ಳಿಯಲ್ಲಿ ಅದನ್ನು ಮುಟ್ಟುವವರು ಯಾರಿದ್ದಾರೆ ಹೇಳು.

ನೇತಾಜಿ ನಗರ

ಕಾಕಾ ಅವರ ಮಾತಿನಲ್ಲಿ ಹುರುಳಿದೆ. ನಮ್ಮದು 2021ರಲ್ಲಿ ಕೊಂಡ ಡೀಸೆಲ್ ಗಾಡಿ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿಮಾಡಿದ ಬಿಎಸ್ 6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ. ಆ ಮಸಿಯನ್ನು ಸುಟ್ಟುಹಾಕಲು ಅದರೊಳಗೆ ಸುಮಾರು 600 ಡಿಗ್ರಿ ಶಾಖ ಏಳಬೇಕು. ನಮ್ಮ ಮನೆಯಿಂದ ಶಾಲೆಗೆ, ಅಂಗಡಿಗೆ ಸಣ್ಣ ಓಡಾಟ ಮಾತ್ರ ಇದ್ದುದರಿಂದ ಅದು ಏಳಲೇ ಇಲ್ಲ, ಫಿಲ್ಟರ್ ಕಟ್ಟಿ ಗಾಡಿ ಶಕ್ತಿ ಕಳೆದುಕೊಂಡಿತು. ಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲ. ಫಿಲ್ಟರಿನ ಎಚ್ಚರಿಕೆಯ ದೀಪ ಹೊತ್ತಿದ ಕೂಡಲೇ ಊರಾಚೆ ಒಂದೇ ವೇಗದಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಓಡಿಸಿದರೆ ತಾನಾಗಿಯೇ ಶುದ್ಧವಾಗುತ್ತದೆ ಎಂದು ಆಮೇಲೆ ತಿಳಿಯಿತು. ಊರೊಳಗಿನ ಓಡಾಟಕ್ಕೆ ಡೀಸೆಲ್ ಬೇಡವೇ ಬೇಡ.

ಗಂಗಾವತಿ ಭತ್ತ

ನಮ್ಮಲ್ಲಿ ಭತ್ತದ ಕೊಯ್ಲು ಮುಗಿದ ಕೂಡಲೇ ಹೆಗ್ಗಣ, ಇಲಿಗಳು ಬಾನೆಟ್ ಸೇರುತ್ತವೆ. ಸೆನ್ಸರಿನ ಒಂದು ತಂತಿ ಕಡಿದರೂ ಇಂಜಿನ್ ದೀಪ ಹೊತ್ತಿ ಗಾಡಿ ಎಳೆಯುವುದಿಲ್ಲ. ಸೆನ್ಸರ್ ಬದಲಿಸುವ ಮೊದಲು ತಂತಿಯನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡಿ.

ಎರೆಹೊಲ ಮಾನ್ವಿ

ಸಿಂಧನೂರಿನ ಅಣ್ಣನವರ ಗಾಡಿ ಮೂಲದಲ್ಲಿ ಎಲ್ಲಿಯದು? 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದೆಂದು ಆದೇಶಿಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, ಅಲ್ಲಿಯ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ನಮ್ಮ ಕಡೆಗೂ ಬಂದಿವೆ. ಕೆಲವು ಚೆನ್ನಾಗಿವೆ, ಕೆಲವಕ್ಕೆ ಮೀಟರ್ ತಿರುಗಿಸಲಾಗಿದೆ. ಬೆಲೆ ಅಗ್ಗವೆಂದು ಕೊಳ್ಳುವವರು ಒಂದನ್ನು ಲೆಕ್ಕ ಹಾಕುವುದಿಲ್ಲ: ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಅಲ್ಲಿನ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು.

ಎಡದಂಡೆ ಸಿಂಧನೂರು

ಗಾಡಿ ಕೆಎ 36, ರಾಯಚೂರಿನದೇ. ಎಲ್ಲರಿಗೂ ಋಣಿ. ಪಾನಾ ಹಿಡಿದವರು ಹೇಳಿದ ಪರೀಕ್ಷೆಗಳನ್ನು ಬೇರೊಂದು ಗ್ಯಾರೇಜಿನಲ್ಲಿ ಮಾಡಿಸಿದೆ. ನೀಲಿ ದ್ರವ ನೀಲಿಯಾಗಿಯೇ ಉಳಿಯಿತು, ಆಯಿಲ್ ಶುದ್ಧವಾಗಿದೆ, ಆದ್ದರಿಂದ ಹೆಡ್ ಮುಟ್ಟಿಲ್ಲ. ಮುಚ್ಚಳ ಒತ್ತಡವನ್ನು ಹಿಡಿಯುತ್ತಲೇ ಇರಲಿಲ್ಲ. ರೇಡಿಯೇಟರ್ ಬಿಚ್ಚಿ ನೀರು ಬಿಟ್ಟರೆ ಒಂದು ಬದಿಯ ಕೊಳವೆಗಳಿಂದ ನೀರು ಬರಲೇ ಇಲ್ಲ, ಒಳಗೆ ಬಿಳಿಯ ಗಟ್ಟಿ ಕಲ್ಲು. ಹೊಸ ರೇಡಿಯೇಟರ್, ಹೊಸ ಮುಚ್ಚಳ, ಕೆಳಗಿನ ಹೋಸ್, ಥರ್ಮೋಸ್ಟಾಟ್ ಹಾಕಿಸಿ, ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಹಾಕಿಸಿದ್ದೇನೆ. ರಾಯಚೂರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಏಸಿ ಹಾಕಿಕೊಂಡೇ ಹೋಗಿ ಬಂದೆವು, ಮುಳ್ಳು ಅಲುಗಲಿಲ್ಲ.

ಎರಡು ಸಂದೇಹಗಳು ಉಳಿದಿವೆ. ಮುಚ್ಚಳ ಅಷ್ಟು ದೊಡ್ಡ ವಿಷಯವೇ? ಮತ್ತು ಮೊದಲಿನ ಗ್ಯಾರೇಜಿನವರು ಬೇಡದ ಸಾಮಾನಿಗೆ ಪಡೆದ ಹಣವನ್ನು ಕೇಳಬಹುದೇ?

ಪಾಲಿಟೆಕ್ನಿಕ್ ಮೇಷ್ಟ್ರು, ರಾಯಚೂರು

ಮುಚ್ಚಳ ದೊಡ್ಡ ವಿಷಯವೇ. ಅದರೊಳಗಿನ ಸ್ಪ್ರಿಂಗ್ ವ್ಯವಸ್ಥೆಯ ಒತ್ತಡವನ್ನು ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚಿಗೆ ಇಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಕೂಡ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸತ್ತರೆ ನೀರು ಬೇಗ ಕುದಿದು ಆವಿಯಾಗಿ ಹೊರಹೋಗುತ್ತದೆ, ನಿಮ್ಮ ನೀರು ಸೋರದೆಯೇ ಕಡಿಮೆಯಾಗುತ್ತಿದ್ದುದು ಬಹುಶಃ ಹೀಗೆ. ಇದೇ ಕಾರಣಕ್ಕೆ ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ಇಳಿದ ಕ್ಷಣ ಒಳಗಿನ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಾಕಿ ತೆರೆಯುತ್ತೇನೆ ಎನ್ನುವವರ ಕೈ ಸುಟ್ಟದ್ದನ್ನು ನೋಡಿದ್ದೇನೆ. ಮುಳ್ಳು ಏರುತ್ತಿದೆ ಎಂದು ಕಂಡರೆ ಏಸಿ ಆರಿಸಿ, ನೆರಳು ಹುಡುಕುತ್ತ ಮುಂದೆ ಸಾಗದೆ ಕೂಡಲೇ ನಿಲ್ಲಿಸಿ, ಅರ್ಧ ಗಂಟೆಯಾದರೂ ತಣ್ಣಗಾಗಲು ಬಿಡಿ. ಒಳಗೆ ನೀರೇ ಇಲ್ಲದಿದ್ದರೆ ಮುಳ್ಳು ಸರಿಯಾಗಿ ತೋರಿಸುವುದಿಲ್ಲ ಎಂಬುದೂ ನೆನಪಿರಲಿ, ಸೆನ್ಸರ್ ಅಳೆಯುವುದು ತಾನು ಮುಳುಗಿರುವ ನೀರನ್ನು.

ನೇತಾಜಿ ನಗರ

ಹಣದ ವಿಷಯ: ದುಡ್ಡು ಪಡೆದು ಮಾಡಿದ ರಿಪೇರಿ ಎಂದರೆ ಅದು ಸೇವೆ, ಅದರಲ್ಲಿನ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಬಿಲ್ ಬೇಕು, ಮತ್ತು ಎರಡನೆಯ ಗ್ಯಾರೇಜಿನವರ ಪರೀಕ್ಷೆಯ ವರದಿ ಬರವಣಿಗೆಯಲ್ಲಿರಬೇಕು. ವಿಮೆಯಿಂದ ಏನೂ ನಿರೀಕ್ಷಿಸಬೇಡಿ, ಹೀಟ್ ಆಗಿ ಕೆಟ್ಟ ಇಂಜಿನ್ನನ್ನು ಯಾಂತ್ರಿಕ ದೋಷವೆಂದೇ ಪರಿಗಣಿಸುತ್ತಾರೆ.

ಪಾನಾ ಹಿಡಿದವನು, ಬಳ್ಳಾರಿ

ದೂರು ಕೊಡುವುದು ಅವರ ಹಕ್ಕು. ಆದರೂ ಮೊದಲು ಆ ಗ್ಯಾರೇಜಿಗೆ ಹೋಗಿ ಕಟ್ಟಿಕೊಂಡ ರೇಡಿಯೇಟರನ್ನು ತೋರಿಸಿ ಮಾತನಾಡಿ ಎಂಬುದು ನನ್ನ ಕೋರಿಕೆ. ನಮ್ಮ ಸಣ್ಣ ಗ್ಯಾರೇಜುಗಳಲ್ಲಿ ಅನೇಕರು ಕೆಲಸ ಕಲಿತದ್ದು ನೋಡಿ ನೋಡಿ. ಒತ್ತಡದ ಪಂಪ್, ನೀಲಿ ದ್ರವ ಇಟ್ಟುಕೊಳ್ಳಲು ದೊಡ್ಡ ಬಂಡವಾಳ ಬೇಕಿಲ್ಲ, ಅವುಗಳ ಬೆಲೆ ಒಂದು ವಾಟರ್ ಪಂಪಿಗಿಂತ ಹೆಚ್ಚೇನಲ್ಲ. ಅವು ಅಲ್ಲಿಗೆ ಬಂದರೆ ಮುಂದಿನ ಗಿರಾಕಿಯ ಹೆಡ್ ಸುಮ್ಮನೆ ಬಿಚ್ಚುವುದು ತಪ್ಪುತ್ತದೆ.

ಕೌಲ್ ಬಜಾರ್

ಗಾಡಿ ಸರಿಯಾದದ್ದು ಸಂತೋಷ. ಆದರೂ ಮಾರಾಟದ ಮಾತನ್ನು ನಾನು ಬಿಡುವುದಿಲ್ಲ. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಬೇಕು. ಕೇಂದ್ರದ ನಿಯಮದಂತೆ 2022ರ ಏಪ್ರಿಲ್‌ನಿಂದ ಅದರ ಶುಲ್ಕ ಕಾರಿಗೆ 600 ರೂಪಾಯಿಯಿಂದ 5000 ರೂಪಾಯಿಗೆ ಏರಿದೆ, ಹಸಿರು ತೆರಿಗೆ ಬೇರೆ. ಈಗ ಓಡುವ ಸ್ಥಿತಿಯಲ್ಲಿದ್ದಾಗ ಮಾರಿದರೆ ನಾಲ್ಕು ಕಾಸು ಹೆಚ್ಚು ಬರುತ್ತದೆ.

ಎರೆಹೊಲ ಮಾನ್ವಿ

ತಮ್ಮಾ, ಐದು ಸಾವಿರ ಕಟ್ಟಿದರೆ ಮುಂದಿನ ಐದು ವರ್ಷಕ್ಕೆ ಆಗುತ್ತದೆ. ಹೊಸ ಕಾರಿನ ಒಂದು ತಿಂಗಳ ಕಂತಿಗೂ ಆ ಹಣ ಸಾಲದು. ಅವರ ಗಾಡಿಯ ಇತಿಹಾಸ ಈಗ ಅವರಿಗೆ ಗೊತ್ತಿದೆ, ಇದನ್ನು ಮಾರಿ ಇನ್ನೊಂದು ಹಳೆಯ ಗಾಡಿ ತಂದರೆ ಆ ಗಾಡಿಯ ಒಳಗೆ ಏನಿದೆ ಎಂದು ಮತ್ತೆ ಮೊದಲಿನಿಂದ ತಿಳಿಯಬೇಕು.

ಲಿಂಗಸುಗೂರಕ್ಕ

ಇಟ್ಟುಕೊಳ್ಳಿ ಅಣ್ಣಾವರೇ, ಆದರೆ ತಾಯಿಯವರನ್ನು ಕರೆದೊಯ್ಯುವ ದಿನ ಒಂದೇ ಗಾಡಿಯ ಮೇಲೆ ಭಾರ ಹಾಕಬೇಡಿ. ಹೊಸ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಸಿಂಧನೂರಿನಲ್ಲೂ ಮಾನ್ವಿಯಲ್ಲೂ ಒಬ್ಬೊಬ್ಬ ಬಾಡಿಗೆ ಗಾಡಿಯವರ ನಂಬರ್ ಇಟ್ಟುಕೊಂಡು ಹಿಂದಿನ ಸಂಜೆಯೇ ಒಂದು ಮಾತು ಹೇಳಿಟ್ಟಿರಿ. ಸಾಧ್ಯವಾದರೆ ತಪಾಸಣೆಯ ಸಮಯವನ್ನು ಬೆಳಿಗ್ಗೆಗೆ ಕೇಳಿ ಪಡೆಯಿರಿ, ಏಳಕ್ಕೆ ಹೊರಟರೆ ಬಿಸಿಲೇರುವ ಮೊದಲೇ ರಾಯಚೂರು ಸೇರುತ್ತೀರಿ. ದಾರಿಯಲ್ಲಿ ಅವರ ಜೀವಕ್ಕೇ ತೊಂದರೆಯಾದರೆ ಗಾಡಿ ರಿಪೇರಿಯ ಯೋಚನೆ ಬಿಟ್ಟು 108ಕ್ಕೆ ಫೋನ್ ಮಾಡಿ.

ಎಡದಂಡೆ ಸಿಂಧನೂರು

ಹಾಗೆಯೇ ಮಾಡುತ್ತೇನೆ ಅಕ್ಕಾವರೇ. ಮಾನ್ವಿಯಲ್ಲಿ ನಂಬಿಕಸ್ಥರಾದ ಬಾಡಿಗೆ ಗಾಡಿಯವರು ಯಾರಾದರೂ ಇದ್ದರೆ ಎರೆಹೊಲದವರು ನನಗೆ ಖಾಸಗಿಯಾಗಿ ಸಂದೇಶ ಕಳಿಸಿ.

ಎರೆಹೊಲ ಮಾನ್ವಿ

ಕಳಿಸಿದ್ದೇನೆ, ನೋಡಿ.